ವಾತರಕ್ತಕ್ಕೆ ಹಿತ್ತಲ ಗಿಡ ಯಾವಾಗ ಮದ್ದು?

ಶಿವರಾತ್ರಿಯ ಉಪವಾಸ, ಜಾಗರಣೆಗಳು ಮುಗಿದ ಮರುದಿನವೋ, ಮನೆಯಲ್ಲಿ ಶುಭಕಾರ್ಯವೊಂದು ನೆರವೇರಿದ ರಾತ್ರಿಯೋ, ಚೆನ್ನಾಗಿಯೇ ಮಲಗಿದ್ದ ಹಿರಿಯರೊಬ್ಬರು ನಸುಕಿನಲ್ಲಿ ನರಳುತ್ತ ಏಳುತ್ತಾರೆ. ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡು ಕೆಂಡದಂತೆ ಸುಡುತ್ತಿರುತ್ತದೆ. ಹೊದ್ದ ಚಾದರದ ಅಂಚು ತಾಗಿದರೂ ಜೀವ ಹೋದಂತಾಗುತ್ತದೆ. ಉಳುಕಿರಬೇಕೆಂದು ಮನೆಯವರು ಎಣ್ಣೆ ಕಾಯಿಸಿ ತಿಕ್ಕುತ್ತಾರೆ. ನೋವು ಇಮ್ಮಡಿಯಾಗುತ್ತದೆ. ಕೊನೆಗೆ ವೈದ್ಯರು ಪರೀಕ್ಷಿಸಿ ಇದು ಗೌಟ್, ಯೂರಿಕ್ ಆಮ್ಲದ ಕಾಯಿಲೆ ಎಂದು ಹೇಳಿದಾಗ ಭಕ್ತರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: “ಮಾಂಸ ಮುಟ್ಟಿದವರಲ್ಲ, ಮದ್ಯ ಕಂಡವರಲ್ಲ, ನಮಗೇಕೆ ಈ ರೋಗ?” ಎರಡನೆಯ ಪ್ರಶ್ನೆ: “ಇದಕ್ಕೆ ನಮ್ಮ ಊರ ಗಿಡಮೂಲಿಕೆಗಳಲ್ಲಿ ಮದ್ದಿಲ್ಲವೆ?”

ಎರಡೂ ಸಹಜವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಉತ್ತರ ‘ಇದೆ’ ಎಂದೇ. ಆದರೆ ಯಾವ ಗಿಡ ಯಾವ ಕೆಲಸಕ್ಕೆ ಬರುತ್ತದೆ, ಎಲ್ಲಿಗೆ ಅದರ ಬಲ ಮುಗಿಯುತ್ತದೆ, ನಮ್ಮ ಬೇಲಿಯಲ್ಲೇ ಬೆಳೆಯುವ ಯಾವ ಗಡ್ಡೆಯನ್ನು ಎಂದಿಗೂ ಬಾಯಿಗೆ ಇಡಬಾರದು ಎಂಬುದನ್ನು ತಿಳಿಯದೆ ಹೇಳುವ ‘ಇದೆ’ ಅಪಾಯಕಾರಿಯಾದುದು. ಈ ಸಂಚಿಕೆಯಲ್ಲಿ ಅದನ್ನೇ ವಿವರಿಸಲು ಯತ್ನಿಸಿದ್ದೇವೆ.

ರೋಗದ ಸ್ವರೂಪ

ಯೂರಿಕ್ ಆಮ್ಲವು ಹೊರಗಿನಿಂದ ಬಂದ ವಿಷವಲ್ಲ. ನಮ್ಮ ದೇಹದ ಜೀವಕೋಶಗಳು ಹಳತಾಗಿ ಒಡೆದಾಗ ಅವುಗಳೊಳಗಿನ ಪ್ಯೂರಿನ್ ಎಂಬ ಪದಾರ್ಥದಿಂದ ಅದು ಹುಟ್ಟುತ್ತದೆ. ರಕ್ತದಲ್ಲಿರುವ ಯೂರಿಕ್ ಆಮ್ಲದ ಹೆಚ್ಚಿನ ಪಾಲು ಹೀಗೆ ದೇಹದಲ್ಲಿಯೇ ತಯಾರಾದದ್ದು. ಆಹಾರದಿಂದ ಬರುವುದು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಅದನ್ನು ಹೊರಹಾಕುವ ಕಾಯಕದಲ್ಲಿ ಮೂರರಲ್ಲಿ ಎರಡು ಪಾಲು ಮೂತ್ರಪಿಂಡಗಳದು, ಉಳಿದದ್ದು ಕರುಳಿನದು. ಬಹುಪಾಲು ರೋಗಿಗಳಲ್ಲಿ ತೊಂದರೆ ಇರುವುದು ಉತ್ಪತ್ತಿಯಲ್ಲಲ್ಲ, ವಿಸರ್ಜನೆಯಲ್ಲಿ. ಮೂತ್ರಪಿಂಡಗಳು ಆಮ್ಲವನ್ನು ಸಾಕಷ್ಟು ಹೊರಕಳುಹಿಸಲಾರದೆ ಹೋದಾಗ ಅದು ರಕ್ತದಲ್ಲಿ ಸಂಚಯವಾಗುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ಮೀರಿದರೆ, ಹದ ಮೀರಿದ ಪಾಕದಲ್ಲಿ ಸಕ್ಕರೆ ಹರಳುಗಟ್ಟುವಂತೆ, ಯೂರಿಕ್ ಆಮ್ಲದ ಲವಣವು ಸೂಜಿಯಾಕಾರದ ಹರಳುಗಳಾಗಿ ಕೀಲುಗಳಲ್ಲಿ ಇಳಿಯತೊಡಗುತ್ತದೆ. ಪಾದಗಳು ದೇಹದ ಉಳಿದ ಭಾಗಗಳಿಗಿಂತ ತಣ್ಣಗಿರುವುದರಿಂದ ಅಲ್ಲಿ ಹರಳುಗಟ್ಟುವುದು ಸುಲಭ. ಹೆಬ್ಬೆರಳೇ ಮೊದಲ ಗುರಿಯಾಗುವುದಕ್ಕೆ ಇದೂ ಒಂದು ಕಾರಣ.

ಹೀಗಿರುವಾಗ ಸಸ್ಯಾಹಾರಿಗೆ ಈ ರೋಗ ಬರಬಾರದೆಂಬ ನಿಯಮವೇನೂ ಇಲ್ಲ. ಮಾಂಸ, ಮೀನು, ಮದ್ಯಗಳು, ಅದರಲ್ಲಿಯೂ ಬಿಯರ್, ರೋಗವನ್ನು ಹೆಚ್ಚಿಸುತ್ತವೆ ಎಂಬುದು ನಿಜ. ಆದರೆ ವಂಶಪಾರಂಪರ್ಯ, ಮೈತೂಕ, ಸಕ್ಕರೆ ಕಾಯಿಲೆ, ಕುಂದಿದ ಮೂತ್ರಪಿಂಡ, ರಕ್ತದೊತ್ತಡಕ್ಕೆಂದು ನುಂಗುವ ಮೂತ್ರವರ್ಧಕ ಮಾತ್ರೆಗಳು, ಹೃದಯದ ರೋಗಿಗಳು ನಿತ್ಯ ಸೇವಿಸುವ ಅಲ್ಪ ಪ್ರಮಾಣದ ಆಸ್ಪಿರಿನ್ ಇವೆಲ್ಲವೂ ಕಾರಣಗಳೇ. (ಹಾಗೆಂದು ಈ ಮಾತ್ರೆಗಳನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಿದರೆ ಅವರು ಬದಲಿಸಬಲ್ಲರು.) ಸ್ತ್ರೀಯರಲ್ಲಿ ಮುಟ್ಟು ನಿಲ್ಲುವವರೆಗೆ ಗೌಟ್ ಅಪರೂಪ, ಆನಂತರ ಅವರೂ ಇದಕ್ಕೆ ಹೊರತಲ್ಲ.

ಇನ್ನೆರಡು ಕಾರಣಗಳು ನಮ್ಮ ಮನೆಗಳಿಗೆ ಬಹಳ ಹತ್ತಿರದವು. ಒಂದು ಸಿಹಿ. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಅದು ಯಕೃತ್ತಿನಲ್ಲಿ ಕರಗುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಬೆಲ್ಲ ಸಾತ್ವಿಕ ಪದಾರ್ಥವೆಂದು ಹೋಳಿಗೆ, ಮಾದಲಿಗಳನ್ನು ಲೆಕ್ಕವಿಲ್ಲದೆ ಬಡಿಸುವವರು, ಈ ಒಂದು ವಿಷಯದಲ್ಲಿ ಬೆಲ್ಲವೂ ಸಕ್ಕರೆಯ ಒಡಹುಟ್ಟೇ ಎಂಬುದನ್ನು ನೆನಪಿಡಬೇಕು. ಬಾಟಲಿಯ ತಂಪು ಪಾನೀಯಗಳ ಮಾತಂತೂ ಹೇಳಬೇಕಾಗಿಯೇ ಇಲ್ಲ. ಇನ್ನೊಂದು ಕಟ್ಟುನಿಟ್ಟಿನ ನಿರಾಹಾರ. ಉಪವಾಸದಲ್ಲಿ ದೇಹವು ಕೊಬ್ಬನ್ನು ಕರಗಿಸತೊಡಗಿದಾಗ ಉಂಟಾಗುವ ಕೀಟೋನ್‌ಗಳು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲದ ದಾರಿಗೆ ಅಡ್ಡ ಬರುತ್ತವೆ. ನೀರನ್ನೂ ಬಿಟ್ಟರೆ ರಕ್ತ ಇನ್ನಷ್ಟು ಸಾಂದ್ರವಾಗುತ್ತದೆ. ಶಿವರಾತ್ರಿಯ ಮರುದಿನ ಕಾಲು ಹಿಡಿಯುವುದರ ಗುಟ್ಟು ಇದು. ಗೌಟ್ ಇರುವ ಭಕ್ತರು ಉಪವಾಸವನ್ನೇ ಬಿಡಬೇಕೆಂದು ನಾವು ಹೇಳುವುದಿಲ್ಲ. ನಿರ್ಜಲ ವ್ರತ ಬೇಡ, ಹಾಲು, ಮಜ್ಜಿಗೆ, ನೀರುಗಳನ್ನು ದಿನವಿಡೀ ತೆಗೆದುಕೊಳ್ಳಲಿ ಎನ್ನುತ್ತೇವೆ.

ಬೇಳೆಕಾಳುಗಳ ಬಗ್ಗೆ ಅನಗತ್ಯ ಭಯವೊಂದು ಹರಡಿದೆ. ಯೂರಿಕ್ ಆಮ್ಲವೆಂದ ಕೂಡಲೆ ತೊಗರಿಬೇಳೆ, ಹೆಸರುಕಾಳು, ಸೊಪ್ಪು ಎಲ್ಲವನ್ನೂ ಬಿಟ್ಟು ಬರಿಯ ಅನ್ನ, ಸಾರಿಗೆ ಇಳಿದು ಸೊರಗಿದವರನ್ನು ನಾವು ಕಂಡಿದ್ದೇವೆ. 2004ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 47 ಸಾವಿರ ಪುರುಷರನ್ನು 12 ವರ್ಷಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಸಮುದ್ರಾಹಾರಗಳು ಗೌಟನ್ನು ಹೆಚ್ಚಿಸಿದವು. ಪ್ಯೂರಿನ್ ಅಧಿಕವಾಗಿರುವ ತರಕಾರಿಗಳು ಹೆಚ್ಚಿಸಲಿಲ್ಲ. ಹಾಲು ಮತ್ತು ಹಾಲಿನ ಪದಾರ್ಥಗಳು, ಮುಖ್ಯವಾಗಿ ಕೊಬ್ಬು ಕಡಿಮೆಯಿರುವವು, ರಕ್ಷಣೆ ನೀಡಿದವು. ರೊಟ್ಟಿ, ಪಲ್ಯ, ಮಜ್ಜಿಗೆಯ ನಮ್ಮ ಊಟ ಈ ರೋಗಕ್ಕೆ ಶತ್ರುವಲ್ಲ.

ಹಿಂದಿನವರು ಕಂಡ ವಾತರಕ್ತ

ಆಯುರ್ವೇದವು ಈ ರೋಗವನ್ನು ವಾತರಕ್ತವೆಂಬ ಹೆಸರಿನಲ್ಲಿ ವಿವರಿಸುತ್ತದೆ. ವಾತರಕ್ತದ ವ್ಯಾಪ್ತಿ ಗೌಟಿಗಿಂತ ದೊಡ್ಡದು. ಆದರೆ ಗೌಟಿನ ಚಿತ್ರ ಅದರೊಳಗೆ ಸ್ಪಷ್ಟವಾಗಿ ಮೂಡಿದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 29ನೆಯ ಅಧ್ಯಾಯವು ಪೂರ್ತಿಯಾಗಿ ಇದಕ್ಕೇ ಮೀಸಲು. ಸುಕುಮಾರರು, ನಡೆದಾಡದವರು, ಹಗಲು ನಿದ್ರಿಸಿ ಇರುಳು ಎಚ್ಚರವಿರುವವರು ಇದಕ್ಕೆ ತುತ್ತಾಗುವರೆಂದು ಅಲ್ಲಿ ಹೇಳಿದೆ. ಸಿರಿವಂತರ ರೋಗವೆಂಬ ಅರ್ಥದಲ್ಲಿ ‘ಆಢ್ಯವಾತ’ವೆಂಬ ಹೆಸರೂ ಇದಕ್ಕುಂಟು. ಇದು ಪಾದದ ಮೂಲದಲ್ಲಿ, ಒಮ್ಮೊಮ್ಮೆ ಕೈಗಳಲ್ಲಿ ನೆಲೆಗೊಂಡು, ಇಲಿಯ ವಿಷದಂತೆ ಮೆಲ್ಲಮೆಲ್ಲನೆ ಮೈಯೆಲ್ಲ ಹರಡುತ್ತದೆ ಎಂಬ ಸುಶ್ರುತನ ಹೋಲಿಕೆ ಇಂದಿಗೂ ಸತ್ಯ. ಮೊದಲು ಹೆಬ್ಬೆರಳು, ಆನಂತರ ಹರಡು, ಮೊಣಕಾಲು, ಮಣಿಕಟ್ಟು. ವರ್ಷಗಳು ಕಳೆದಂತೆ ಕಿವಿಯ ಅಂಚಿನಲ್ಲಿ, ಮೊಣಕೈಯಲ್ಲಿ, ಬೆರಳ ಗೆಣ್ಣುಗಳಲ್ಲಿ ಸುಣ್ಣದಂಥ ಗಂಟುಗಳು. ಚರಕನು ಹೊಸದಾದ, ಒಂದೇ ದೋಷದಿಂದ ಹುಟ್ಟಿದ ವಾತರಕ್ತವನ್ನು ಸಾಧ್ಯವೆಂದೂ, ದೋಷಗಳು ಕೂಡಿದಂತೆ ಅದು ಕಷ್ಟವಾಗುವುದೆಂದೂ ಎಣಿಸಿದ್ದಾನೆ.

ಗಿಡವನ್ನು ಹುಡುಕುವ ಮೊದಲು

ನಮ್ಮ ಹಳ್ಳಿಗಳಲ್ಲಿ ಕೀಲಿನ ಎಲ್ಲ ನೋವಿಗೂ ‘ವಾಯು’ ಎಂಬ ಒಂದೇ ಹೆಸರು. ನಾಟಿವೈದ್ಯರಲ್ಲಿ ಬಲ್ಲವರು ನಾಡಿ ಹಿಡಿದು, ನೋವು ಹುಟ್ಟಿದ ಬಗೆ ಕೇಳಿ ಭೇದ ಮಾಡುತ್ತಾರೆ. ಬಲ್ಲವರಲ್ಲದವರು ಎಲ್ಲಕ್ಕೂ ಒಂದೇ ಪುಡಿ ಕಟ್ಟಿಕೊಡುತ್ತಾರೆ. ವಯಸ್ಸಾದವರ ಮೊಣಕಾಲು ಸವೆತ ಬೇರೆ. ಬೆಳಿಗ್ಗೆ ಎರಡೂ ಕೈಗಳ ಬೆರಳುಗಳು ಮರಗಟ್ಟುವ ಆಮವಾತ ಬೇರೆ. ಚಿಕುನ್‌ಗುನ್ಯಾದ ನಂತರ ತಿಂಗಳುಗಟ್ಟಲೆ ಉಳಿಯುವ ನೋವು ಬೇರೆ. ಒಂದೇ ಕೀಲು ಹಠಾತ್ತನೆ ಕೆಂಪಾಗಿ ಊದಿ, ಒಂದು ಹಗಲು ಒಂದು ರಾತ್ರಿಯೊಳಗೆ ನೋವು ಶಿಖರಕ್ಕೇರಿ, ವಾರ ಎರಡು ವಾರಗಳಲ್ಲಿ ತಾನಾಗಿಯೇ ಇಳಿದುಹೋಗುವುದು ಗೌಟಿನ ಲಕ್ಷಣ.

ತಾನಾಗಿಯೇ ಇಳಿಯುತ್ತದೆ ಎಂಬ ಮಾತನ್ನು ಓದುಗರು ಗಮನಿಸಬೇಕು. ಹತ್ತು ದಿನ ಯಾವ ಸೊಪ್ಪು ಕಟ್ಟಿದರೂ, ಏನನ್ನೂ ಕಟ್ಟದಿದ್ದರೂ ಹನ್ನೊಂದನೆಯ ದಿನ ನೋವು ಹೋಗಿರುತ್ತದೆ. ಕೀರ್ತಿ ಮಾತ್ರ ಸೊಪ್ಪಿಗೆ ಸಲ್ಲುತ್ತದೆ. ಒಳಗಿನ ಹರಳುಗಳು ಇದ್ದಲ್ಲಿಯೇ ಇರುತ್ತವೆ. ಈ ರೋಗದ ಮದ್ದುಗಳ ಬಗ್ಗೆ ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಹಬ್ಬಿರುವ ಅದ್ಭುತ ಕಥೆಗಳಲ್ಲಿ ಅರ್ಧದಷ್ಟು ಹೀಗೆ ಹುಟ್ಟಿದವು ಎಂದು ನಮ್ಮ ಎಣಿಕೆ.

ರಕ್ತಪರೀಕ್ಷೆಯಲ್ಲಿಯೂ ಒಂದು ತೊಡಕಿದೆ. ನೋವು ಉಲ್ಬಣಿಸಿರುವ ದಿನಗಳಲ್ಲಿ ಯೂರಿಕ್ ಆಮ್ಲದ ಅಂಕಿ ಸರಿಯಾಗಿಯೇ ಕಾಣಬಹುದು. ಆದ್ದರಿಂದ ನೋವು ಇಳಿದ ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸುವುದು ಯುಕ್ತ. ಅಂತೆಯೇ, ಅಂಕಿ ತುಸು ಹೆಚ್ಚಿದ್ದು ಯಾವ ನೋವೂ ಇಲ್ಲದವರಿಗೆ ಸಾಮಾನ್ಯವಾಗಿ ಔಷಧಿಯೇ ಬೇಕಿಲ್ಲ. ಊದಿದ ಕೀಲಿನೊಂದಿಗೆ ಚಳಿಜ್ವರ ಬಂದರೆ ಮಾತ್ರ ಕೀಲಿನೊಳಗೆ ಕೀವು ತುಂಬಿರುವ ಸಂಭವವುಂಟು. ಆಗ ಗಿಡವನ್ನಾಗಲಿ ಗುಳಿಗೆಯನ್ನಾಗಲಿ ನಂಬಿ ಒಂದು ದಿನವೂ ಮನೆಯಲ್ಲಿ ಕೂಡಬಾರದು. ಕೀಲು ಶಾಶ್ವತವಾಗಿ ಹಾಳಾಗಬಹುದು.

ಹೊರಗೆ ಹಚ್ಚುವ ಗಿಡಗಳು

ಬಯಲುಸೀಮೆಯ ಹಳ್ಳಿಗಳಲ್ಲಿ ಊತ, ನೋವು ಎಂದೊಡನೆ ಕೈ ಹೋಗುವುದು ಲಕ್ಕಿ ಗಿಡಕ್ಕೆ. ಸಂಸ್ಕೃತದ ನಿರ್ಗುಂಡಿ ಇದೇ. ಕೆಲವೆಡೆ ನೆಕ್ಕಿ ಎನ್ನುತ್ತಾರೆ. ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ, ದನ ತಿನ್ನದ ಕಾರಣ ಬೇಲಿಗಳಲ್ಲಿ ಸಮೃದ್ಧವಾಗಿ ಬೆಳೆಯುತ್ತದೆ. ಅಂಗೈಯಂತೆ ಐದು ಎಲೆಗಳು, ಕೆಲವೊಮ್ಮೆ ಮೂರು. ಮೇಲೆ ಹಸಿರು, ಕೆಳಗೆ ಬೂದಿಬಿಳುಪು. ತಿಕ್ಕಿದರೆ ಗಾಢವಾದ ವಾಸನೆ. ಇದರ ತಪ್ಪಲನ್ನು ನೀರಿನಲ್ಲಿ ಕುದಿಸಿ ಆ ನೀರನ್ನು ಉಗುರುಬೆಚ್ಚಗೆ ಸುರಿಯುವುದು, ತಪ್ಪಲನ್ನೇ ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುವುದು, ಬಾಣಂತಿಯರಿಗೆ ಇದರ ನೀರಿನ ಸ್ನಾನ ಇವು ತಲೆಮಾರುಗಳಿಂದ ಬಂದ ರೂಢಿಗಳು. ಊತ ಮತ್ತು ನೋವುಗಳನ್ನು ಶಮನಗೊಳಿಸುವ ಗುಣ ಈ ಎಲೆಗಳಲ್ಲಿದೆಯೆಂಬುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳೂ ತೋರಿಸಿವೆ.

ಔಡಲದ ಎಲೆಗೆ ಅದರದೇ ಎಣ್ಣೆ ಸವರಿ ತುಸು ಬೆಚ್ಚಗೆ ಮಾಡಿ ಕಟ್ಟುವುದು, ಹುಣಸೆಯ ಎಲೆಯನ್ನು ಬೇಯಿಸಿ ಪಟ್ಟು ಹಾಕುವುದು, ಎಕ್ಕದ ಎಲೆಯ ಶಾಖ ಇವೂ ಇದೇ ವರ್ಗದವು. ಎಕ್ಕದ ವಿಷಯದಲ್ಲಿ ಒಂದು ಎಚ್ಚರ: ಎಲೆ ಕೀಳುವಾಗ ಒಸರುವ ಹಾಲು ಚರ್ಮವನ್ನು ಸುಡುತ್ತದೆ, ಅದು ಅಂಟಿದ ಕೈಯಿಂದ ಕಣ್ಣುಜ್ಜಿದರೆ ದೃಷ್ಟಿಗೇ ಅಪಾಯ.

ಈ ಎಲ್ಲ ಶಾಖೋಪಚಾರಗಳಿಗೂ ಒಂದು ಕಾಲವಿದೆ, ಮತ್ತು ಅದು ನೋವಿನ ಮೊದಲ ದಿನವಲ್ಲ. ಕೆಂಪಗೆ ಉರಿಯುತ್ತಿರುವ ಕೀಲಿಗೆ ಬಿಸಿ ಕೊಡುವುದು, ತಿಕ್ಕುವುದು, ನೀವಿ ಎಳೆಯುವುದು ಉರಿಯುವ ಬೆಂಕಿಗೆ ಗಾಳಿ ಹಾಕಿದಂತೆ. ನಮ್ಮ ಪ್ರಾಚೀನರು ಈ ಭೇದವನ್ನು ಬಲ್ಲವರಾಗಿದ್ದರು: ವಾತ ಪ್ರಧಾನವಾದಾಗ ಬೆಚ್ಚನೆಯ ಉಪಚಾರ, ರಕ್ತ–ಪಿತ್ತಗಳು ಪ್ರಧಾನವಾಗಿ ದಾಹ ಇರುವಾಗ ತಂಪು ಲೇಪ ಎಂದು ವಿಂಗಡಿಸಿದ್ದಾರೆ. ಆಧುನಿಕ ವೈದ್ಯರೂ ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೇ ಇಡಹೇಳುತ್ತಾರೆ. ಹಳ್ಳಿಯಲ್ಲಿ ಮಂಜುಗಡ್ಡೆ ಸಿಗದಿದ್ದರೆ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆ, ಲೋಳೆಸರದ ತಿರುಳು ಸಾಕು. ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟು ವಿಶ್ರಾಂತಿ ನೀಡಬೇಕು. ಕೆಂಪು, ಉರಿ ಇಳಿದು ಬಿಗಿತ ಮಾತ್ರ ಉಳಿದಾಗ ಲಕ್ಕಿಯ ಕಾವು ಹಿತ.

ಒಳಗೆ ಸೇವಿಸುವವು

ವಾತರಕ್ತಕ್ಕೆ ಶಾಸ್ತ್ರವೂ ಜನಪದವೂ ಒಮ್ಮತದಿಂದ ಒಪ್ಪಿದ ಗಿಡವೆಂದರೆ ಅಮೃತಬಳ್ಳಿ. ಕಷಾಯ, ಸ್ವರಸ, ಘೃತ, ಗುಗ್ಗುಳು ಯಾವ ರೂಪದಲ್ಲಿ ನೋಡಿದರೂ ಈ ರೋಗದ ಯೋಗಗಳಲ್ಲಿ ಅದು ಮರಳಿ ಮರಳಿ ಬರುತ್ತದೆ. ವೈದ್ಯರು ವಾತರಕ್ತಕ್ಕೆ ಬರೆದುಕೊಡುವ ಕೈಶೋರ ಗುಗ್ಗುಳುವಿನ ಮುಖ್ಯ ದ್ರವ್ಯಗಳಲ್ಲಿ ಅಮೃತಬಳ್ಳಿಯೂ ಒಂದು. ಬೇವಿನ ಮರಕ್ಕೆ ಹಬ್ಬಿದ ಬಳ್ಳಿ ಶ್ರೇಷ್ಠವೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ಹೆಬ್ಬೆರಳ ಗಾತ್ರದ ಬಲಿತ ಕಾಂಡವನ್ನು ಜಜ್ಜಿ, ಒಂದು ಪಾಲಿಗೆ ಹದಿನಾರು ಪಾಲು ನೀರು ಹಾಕಿ, ಎಂಟರಲ್ಲಿ ಒಂದು ಪಾಲು ಉಳಿಯುವವರೆಗೆ ಮಂದವಾದ ಉರಿಯಲ್ಲಿ ಕುದಿಸಿ ಇಳಿಸುವುದು ಶಾರ್ಙ್ಗಧರ ಹೇಳಿದ ಕಷಾಯವಿಧಿ.

ಇದರ ಕಹಿಯನ್ನು ಸಹಿಸಿ ನಿಷ್ಠೆಯಿಂದ ಕುಡಿಯುವ ಭಕ್ತರ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ. ಆದರೆ ಕೋವಿಡ್ ವರ್ಷಗಳಲ್ಲಿ ಇದೇ ಶ್ರದ್ಧೆ ಅತಿಗೆ ಹೋದುದನ್ನೂ ಹೇಳಬೇಕು. ಮನೆಮನೆಯಲ್ಲಿ ತಿಂಗಳುಗಟ್ಟಲೆ ಅಳತೆಯಿಲ್ಲದೆ ಕಷಾಯ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತವನ್ನು ಕಂಡು ವರದಿ ಮಾಡಿದರು. ಅವರು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ ಎಂಬುದನ್ನು ಪರೀಕ್ಷಿಸಿಲ್ಲವೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಏನೇ ಇರಲಿ, ಅದರಿಂದ ಮನೆಯಲ್ಲಿ ಪಾಲಿಸಬೇಕಾದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು ಗುರುತು: ನಿಜವಾದ ಅಮೃತಬಳ್ಳಿಯ ಎಲೆ ಹೃದಯದಾಕಾರದ್ದು, ನುಣುಪಾದದ್ದು, ಕಾಂಡದ ಮೇಲ್ಸಿಪ್ಪೆ ಕಾಗದದಂತೆ ತೆಳ್ಳಗೆ ಸುಲಿಯುತ್ತದೆ, ಕೊಂಬೆಗಳಿಂದ ದಾರದಂಥ ಬೇರುಗಳು ಇಳಿಬಿಡುತ್ತವೆ, ಅಡ್ಡಲಾಗಿ ಕತ್ತರಿಸಿದರೆ ಗಾಲಿಯ ಅರಗಳಂತೆ ಗೆರೆಗಳು ಕಾಣುತ್ತವೆ. ಕಾಂಡದ ತುಂಬ ಒತ್ತೊತ್ತಾಗಿ ಉಬ್ಬಿದ ಗಂಟುಗಳಿದ್ದರೆ ಅದು ಬೇರೆ ಜಾತಿಯ ಬಳ್ಳಿ, ಬೇಡ. ಎರಡನೆಯದು ಮಿತಿ: ವೈದ್ಯರ ಸಲಹೆಯಂತೆ ಕೆಲವು ವಾರ ಮಾತ್ರ, ಯಕೃತ್ತಿನ ತೊಂದರೆ ಇರುವವರು ಸೇವಿಸಬಾರದು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅತಿಯಾಗಿ ಇಳಿಯಬಹುದಾದ್ದರಿಂದ ಅವರು ಎಚ್ಚರದಿಂದಿರಬೇಕು. ಕಣ್ಣು, ಮೂತ್ರ ಹಳದಿಯಾದರೆ ಆ ಕ್ಷಣವೇ ನಿಲ್ಲಿಸಬೇಕು.

ಅಮೃತಬಳ್ಳಿಯಿಂದ ಗೌಟ್ ಗುಣವಾಗುವುದೆ? ಊತ, ನೋವುಗಳ ಉಪಶಮನಕ್ಕೆ ಅದು ನೆರವಾಗಬಹುದು. ಆದರೆ ಯೂರಿಕ್ ಆಮ್ಲವನ್ನು ವರ್ಷಗಳ ಕಾಲ ಕೆಳಗೆ ಹಿಡಿದಿಟ್ಟು ಕೀಲಿನ ಹರಳುಗಳನ್ನು ಕರಗಿಸುತ್ತದೆಂದು ಸಿದ್ಧವಾಗಿಲ್ಲ. ಗಂಟುಗಳೆದ್ದ ರೋಗಿ ಇದೊಂದನ್ನೇ ನಂಬಿ ಕೂಡುವುದು ಸರಿಯಲ್ಲ.

ಔಡಲೆಣ್ಣೆಯನ್ನು ಹಾಲಿನಲ್ಲಿ ಕುಡಿದು ಭೇದಿ ಮಾಡಿಸಿಕೊಳ್ಳುವುದು ಚರಕನು ವಾತರಕ್ತಕ್ಕೆ ಹೇಳಿದ ಉಪಾಯಗಳಲ್ಲೊಂದು. ನಮ್ಮ ಅಜ್ಜಿಯರೂ ಬಲ್ಲದ್ದು. ವೈದ್ಯರ ಎದುರಿನಲ್ಲಿ ಅದು ಸರಿ. ಮನೆಯಲ್ಲಿ ಮೇಲಿಂದ ಮೇಲೆ ಮಾಡಿಕೊಂಡರೆ ನೀರು ಆರಿಹೋಗಿ, ಉಪವಾಸದಲ್ಲಿ ಆದಂತೆಯೇ, ಹೊಸ ನೋವನ್ನು ಕರೆತರಬಲ್ಲದು. ಔಡಲದ ಬೀಜವನ್ನಂತೂ ಎಂದೂ ಅಗಿಯಬಾರದು. ಎಣ್ಣೆಯಲ್ಲಿ ಇಳಿಯದ ಘೋರ ವಿಷವೊಂದು ಬೀಜದಲ್ಲಿ ಉಳಿದಿರುತ್ತದೆ. ಕೊಮ್ಮೆ ಎಂದು ಕರೆಯುವ ಪುನರ್ನವ, ನೆಗ್ಗಿಲಮುಳ್ಳು ಇವು ಮೂತ್ರವನ್ನು ಹೆಚ್ಚಿಸುತ್ತವೆಂದು ರೂಢಿಯಲ್ಲಿವೆ. ಆರೋಗ್ಯವಂತ ಮೂತ್ರಪಿಂಡವುಳ್ಳವರು ಕೊಮ್ಮೆಯ ಸೊಪ್ಪನ್ನು ಪಲ್ಯವಾಗಿ ಉಣ್ಣುವುದರಲ್ಲಿ ತೊಂದರೆಯಿಲ್ಲ. ಮೂತ್ರಪಿಂಡ ಕುಂದಿರುವವರಿಗೆ ಅದರ ಪೊಟ್ಯಾಸಿಯಂ ಲವಣಗಳು ಹಾನಿಕರ.

ಬೇಲಿಯಲ್ಲಿರುವ ವಿಷ

ಇಲ್ಲಿಯವರೆಗೆ ಹೇಳಿದ್ದು ಪೀಠಿಕೆ ಎಂದರೂ ಆದೀತು. ಈ ಲೇಖನವನ್ನು ಬರೆಯಲು ಮುಖ್ಯ ಕಾರಣ ಈಗ ಹೇಳುವ ಒಂದು ಗಿಡ.

ಗೌಟಿನ ತೀವ್ರ ನೋವನ್ನು ನಿಜವಾಗಿ ತಡೆಯಬಲ್ಲ ಔಷಧಿಗಳಲ್ಲಿ ಒಂದು ಗಿಡದಿಂದಲೇ ಬಂದದ್ದು. ಯುರೋಪ್ ಮತ್ತು ಪಶ್ಚಿಮ ಏಷ್ಯಾಗಳಲ್ಲಿ ಬೆಳೆಯುವ ಕಾಲ್ಚಿಕಮ್ ಎಂಬ ಗಡ್ಡೆಯನ್ನು ಆರನೆಯ ಶತಮಾನದಲ್ಲಿಯೇ ಟ್ರಾಲೆಸ್‌ನ ಅಲೆಕ್ಸಾಂಡರ್ ಎಂಬ ವೈದ್ಯನು ಕೀಲುನೋವಿಗೆ ಬಳಸಿದ್ದನು. ಯೂನಾನಿ ವೈದ್ಯರ ಸೂರಂಜಾನ್ ಇದೇ ಜಾತಿಯದು. 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೇ ಮತ್ತು ಕಾವಂಟೂ ಎಂಬ ರಸಾಯನಶಾಸ್ತ್ರಜ್ಞರು ಅದರ ಸಾರವನ್ನು ಬೇರ್ಪಡಿಸಿದರು. ಅದೇ ಇಂದು ವೈದ್ಯರು ಅರ್ಧ ಮಿಲಿಗ್ರಾಂ ಗುಳಿಗೆಯಾಗಿ ಕೊಡುವ ಕಾಲ್ಚಿಸಿನ್.

ಇದೇ ಕಾಲ್ಚಿಸಿನ್ ನಮ್ಮ ನಾಡಿನ ಗೌರಿಹೂವಿನಲ್ಲಿಯೂ ಇದೆ. ಕೋಳಿಕುಟುಮ, ಅಗ್ನಿಶಿಖೆ, ಕರಡಿಕಣ್ಣಿನ ಗಡ್ಡೆ, ಶಾಸ್ತ್ರದಲ್ಲಿ ಲಾಂಗಲಿ ಎಂದು ಇದಕ್ಕೆ ಹಲವು ಹೆಸರು. ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ, ಎಲೆಯ ತುದಿಯನ್ನೇ ಬಳ್ಳಿಯ ಕುಡಿಯಾಗಿ ಸುತ್ತಿಕೊಂಡು, ಕೆಂಪು ಹಳದಿಯ ಅಲೆಯಂಚಿನ ಎಸಳುಗಳನ್ನು ಜ್ವಾಲೆಯಂತೆ ಮೇಲಕ್ಕೆ ಬಾಗಿಸಿ ಅರಳುವ ಇದನ್ನು ನೋಡದವರು ವಿರಳ. ಲಾಂಗಲವೆಂದರೆ ನೇಗಿಲು, ಕವಲೊಡೆದ ಇದರ ಗಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಆ ಹೆಸರು. ತಮಿಳುನಾಡಿನ ರೈತರು ಇದನ್ನು ಹೊಲದಲ್ಲಿ ಬೆಳೆದು, ಬೀಜವನ್ನು ಔಷಧಿ ಕಂಪನಿಗಳಿಗೆ ಮಾರುತ್ತಾರೆ.

ಈ ಸಂಗತಿ ಅರ್ಧ ಮಾತ್ರ ತಿಳಿದವರಿಂದಲೇ ಅಪಾಯ. “ಇಂಗ್ಲಿಷ್ ಔಷಧಿ ನಮ್ಮ ಗಿಡದಿಂದಲೇ ಬಂದದ್ದಂತೆ, ಗಡ್ಡೆಯನ್ನೇ ತೇಯ್ದು ಕುಡಿದರೆ ಆಯಿತು” ಎಂಬ ಮಾತನ್ನು ಓದುಬರಹ ಬಲ್ಲವರ ಬಾಯಲ್ಲಿಯೂ ನಾವು ಕೇಳಿದ್ದೇವೆ. ಮದ್ದಿನ ಅಳತೆಗೂ ಮರಣದ ಅಳತೆಗೂ ಇಲ್ಲಿ ಅಂತರ ಬಹಳ ಕಡಿಮೆ. ಒಂದು ಗಡ್ಡೆಯಿಂದ ಇನ್ನೊಂದು ಗಡ್ಡೆಗೆ ಸಾರದ ಪ್ರಮಾಣ ಬದಲಾಗುವುದರಿಂದ ಮನೆಯಲ್ಲಿ ಅದನ್ನು ಅಳೆಯುವ ಉಪಾಯವೇ ಇಲ್ಲ. ಬೇಯಿಸಿದರೆ ವಿಷ ಹೋಗುವುದಿಲ್ಲ. ಗೆಣಸೆಂದು ತಪ್ಪು ತಿಳಿದು ಬೇಯಿಸಿ ತಿಂದು ಸತ್ತವರ ವರದಿಗಳು ಶ್ರೀಲಂಕಾದಿಂದ ಬಂದಿವೆ. ತಿಂದ ಕೆಲವು ಗಂಟೆಗಳವರೆಗೆ ಏನೂ ಆಗದಿರಬಹುದು. ಆನಂತರ ಕಾಲರಾದಂಥ ವಾಂತಿ ಭೇದಿ. ಅದು ತುಸು ಇಳಿದಾಗ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ. ಆದರೆ ಎರಡು ಮೂರು ದಿನಗಳಲ್ಲಿ ಮೂತ್ರಪಿಂಡ, ಹೃದಯ, ರಕ್ತ ತಯಾರಿಸುವ ಮಜ್ಜೆ ಒಂದೊಂದಾಗಿ ಕೈಬಿಡುತ್ತವೆ. ಬದುಕುಳಿದವರಿಗೆ ಒಂದೆರಡು ವಾರಗಳ ನಂತರ ತಲೆಗೂದಲೆಲ್ಲ ಉದುರುವುದುಂಟು. ಇದಕ್ಕೆ ಪ್ರತಿವಿಷವೆಂಬುದು ಆಸ್ಪತ್ರೆಗಳಲ್ಲಿಯೂ ದೊರೆಯುವುದಿಲ್ಲ. ತಿಂದದ್ದು ತಿಳಿದ ಕೂಡಲೆ, ವಾಂತಿಗಾಗಿ ಕಾಯದೆ, ಗಡ್ಡೆಯ ಚೂರೊಂದನ್ನು ಕೈಯಲ್ಲಿ ಹಿಡಿದು ದೊಡ್ಡ ಆಸ್ಪತ್ರೆಗೆ ಧಾವಿಸುವುದೊಂದೇ ದಾರಿ.

ನಮ್ಮ ಪೂರ್ವಿಕರು ಇದನ್ನು ಅರಿಯದವರಾಗಿರಲಿಲ್ಲ. ರಸಶಾಸ್ತ್ರವು ಲಾಂಗಲಿಯನ್ನು ಎಕ್ಕ, ಉಮ್ಮತ್ತಿ, ಗುಲಗಂಜಿಗಳ ಜೊತೆಗೆ ಉಪವಿಷಗಳ ಸಾಲಿನಲ್ಲಿ ಇಟ್ಟಿದೆ, ಶೋಧನೆಯಿಲ್ಲದೆ ಬಳಸುವಂತಿಲ್ಲ. ವಿಷಗಳ ವಿಷಯವಾಗಿಯೇ ಕನ್ನಡದಲ್ಲಿ 14ನೆಯ ಶತಮಾನದಷ್ಟು ಹಿಂದೆ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನೇ ರಚಿಸಿದ್ದಾನೆ. ವೈದ್ಯ ಕಾಯಕದ ಶರಣ ವೈದ್ಯ ಸಂಗಣ್ಣನ ಪರಂಪರೆ ನಮ್ಮದು. ಮೂಲಿಕೆಯನ್ನು ಮುಟ್ಟುವವನಿಗೆ ಅದರ ವಿಷವೂ ತಿಳಿದಿರಬೇಕೆಂಬುದು ಆ ಕಾಯಕದ ಭಾಗವೇ ಆಗಿತ್ತು.

ಇನ್ನೊಂದು ವಿಷ ಬೇಲಿಯಲ್ಲಿಲ್ಲ, ಪೊಟ್ಟಣದಲ್ಲಿದೆ. ಜಾತ್ರೆ, ಸಂತೆಗಳಲ್ಲಿ ‘ಶುದ್ಧ ಗಿಡಮೂಲಿಕೆ’ ಎಂದು ಮಾರುವ ಹೆಸರಿಲ್ಲದ ಕೀಲುನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎರಡು ದಿನದಲ್ಲಿ ನೋವು ಮಾಯವಾಗಿ, ಕೆಲವು ತಿಂಗಳಲ್ಲಿ ಮುಖ ಊದಿ, ರಕ್ತದ ಸಕ್ಕರೆ ಏರಿದರೆ ಅಂಥ ಪುಡಿಯನ್ನು ಸಂಶಯಿಸಬೇಕು. ಆದರೆ ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವಾದ್ದರಿಂದ ಪೊಟ್ಟಣ ಸಮೇತ ವೈದ್ಯರನ್ನು ಕಾಣಬೇಕು.

ಎರಡು ಔಷಧಿಗಳನ್ನು ಕೂಡಿಸುವಾಗ

ವರ್ಷಕ್ಕೆ ಎರಡು ಬಾರಿ ಅಥವಾ ಅದಕ್ಕಿಂತ ಹೆಚ್ಚು ನೋವು ಬರುವವರು, ಗಂಟುಗಳೆದ್ದವರು, ಗೌಟಿನ ಜೊತೆಗೆ ಮೂತ್ರಪಿಂಡ ಕುಂದಿದವರು ಅಥವಾ ಅದರಲ್ಲಿ ಹರಳುಳ್ಳವರು ಯೂರಿಕ್ ಆಮ್ಲವನ್ನು 6ಕ್ಕಿಂತ ಕೆಳಗಿಡುವ ಔಷಧಿಯನ್ನು ದೀರ್ಘಕಾಲ ತೆಗೆದುಕೊಳ್ಳಬೇಕಾಗುತ್ತದೆ. ಅಲೋಪ್ಯುರಿನಾಲ್ ಅವುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು, ಅಗ್ಗವಾದುದು. ಇದನ್ನು ಆರಂಭಿಸಿದ ಮೊದಲ ತಿಂಗಳುಗಳಲ್ಲಿ ಹಳೆಯ ಹರಳುಗಳು ಕದಡಿ ನೋವು ಮತ್ತೆ ಕಾಣಿಸಬಹುದು. ‘ಔಷಧಿಯಿಂದಲೇ ರೋಗ ಹೆ‍ಚ್ಚಿತು’ ಎಂದು ಬಹಳ ಜನ ಬಿಟ್ಟುಬಿಡುವುದು ಇಲ್ಲಿಯೇ. ಬಿಡಬಾರದು, ವೈದ್ಯರಿಗೆ ತಿಳಿಸಿದರೆ ಆ ಅವಧಿಗೆ ಬೇರೆ ರಕ್ಷಣೆ ಕೊಡುತ್ತಾರೆ. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಕಷಾಯ ಕುಡಿಯುತ್ತಿರುವುದನ್ನು ವೈದ್ಯರಿಂದ ಮುಚ್ಚಿಡುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಗದರಿಯಾರೆಂಬ ಅಂಜಿಕೆ ಬೇಡ. ಹೆಸರು, ಅಳತೆ, ಎಷ್ಟು ದಿನದಿಂದ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಬೇಕು.

ಕೊನೆಯದಾಗಿ ಗಿಡಗಳ ಸಂಗ್ರಹದ ವಿಷಯ. ಔಷಧಿ ಸಸ್ಯಗಳಿಗೆ ಹೆಸರಾದ ಗದಗ ಜಿಲ್ಲೆಯ ಕಪ್ಪತಗುಡ್ಡದ ಉಳಿವಿಗಾಗಿ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಸ್ವಾಮೀಜಿಯವರು ಮುಂಚೂಣಿಯಲ್ಲಿ ನಿಂತು ಹೋರಾಡಿದುದು ಸದ್ಭಕ್ತರಿಗೆ ತಿಳಿದಿದೆ. 2019ರಿಂದ ಅದು ವನ್ಯಜೀವಿಧಾಮ. ಗುಡ್ಡಕ್ಕೆ ಹೋಗಿ ಬೇರು ಅಗೆದು ತರುವುದು ಕಾನೂನಿಗೂ ವಿರುದ್ಧ, ಅನಗತ್ಯವೂ ಹೌದು. ಈ ರೋಗಕ್ಕೆ ಬೇಕಾದ ಲಕ್ಕಿ, ಅಮೃತಬಳ್ಳಿಗಳೆರಡೂ ತುಂಡಿನಿಂದಲೇ ಚಿಗುರುವಂಥವು. ಮುಂಗಾರು ಹಿಡಿದ ಮೇಲೆ ಎರಡು ಮೂರು ಗೆಣ್ಣುಗಳಿರುವ, ಬೆರಳ ದಪ್ಪದ ಅಮೃತಬಳ್ಳಿಯ ತುಂಡನ್ನು ಬೇವಿನ ಬುಡದಿಂದ ಒಂದು ಮೊಳ ದೂರದಲ್ಲಿ ನೆಟ್ಟು, ಬೇರು ಹಿಡಿಯುವವರೆಗೆ ನೆಲ ಒಣಗದಂತೆ ನೋಡಿಕೊಂಡರೆ ಸಾಕು. ಲಕ್ಕಿಯ ಕಡ್ಡಿಯನ್ನು ಬೇಲಿಯ ಸಾಲಿನಲ್ಲಿ ಊರಬಹುದು. ಆ ಬೇಲಿಯಲ್ಲಿ ಗೌರಿಹೂವಿನ ಬಳ್ಳಿ ಮೊದಲೇ ಇದ್ದರೆ ಅದನ್ನು ಕಿತ್ತೆಸೆಯಬೇಕಾಗಿಲ್ಲ. ಮನೆಯ ಮಕ್ಕಳನ್ನು ಹತ್ತಿರ ಕರೆದು, ಹೂವನ್ನೂ ಎಲೆಯ ಸುರುಳಿ ತುದಿಯನ್ನೂ ತೋರಿಸಿ, ಇದರ ಗಡ್ಡೆ ಗೆಣಸಲ್ಲವೆಂದು ಹೇಳಿಡಬೇಕು.